ಚೌಕಾಸಿ ಮಾಡುವವನೇ ಗಿರಾಕಿ

ಹಳೆಯ ಸಾಮಾನನ್ನು ಮೊಬೈಲಿನಲ್ಲಿ ಮಾರಾಟಕ್ಕಿಟ್ಟವರ ದೂರೆಲ್ಲ ಗಿರಾಕಿಗಳ ಮೇಲೆಯೇ. ಗೋಕಾಕದಲ್ಲಿ ಒಬ್ಬರು ತಮ್ಮ ಬೈಕಿನ ನಾಲ್ಕು ಫೋಟೋ ಹಾಕಿದರೆ ಸಾಕು, ಮೂಡಲಗಿಯಿಂದ 'ಲಾಸ್ಟ್ ಎಷ್ಟಕ್ಕ ಬಿಡ್ತೀರಿ?' ಎಂಬ ಮೆಸೇಜು ಬರುತ್ತದೆ. ನಮಸ್ಕಾರವಿಲ್ಲ, ಹೆಸರಿಲ್ಲ. ಸಂಕೇಶ್ವರದವ ಅರ್ಧ ಬೆಲೆಗೆ ಕೇಳುತ್ತಾನೆ. ಹುಕ್ಕೇರಿಯವ 'ನಾಳೆ ಮುಂಜಾನೆ ಬರ್ತೀನ್ರಿ ಅಣ್ಣಾರ, ಯಾರಿಗೂ ಕೊಡಬ್ಯಾಡ್ರಿ' ಎಂದು ಆಣೆ ಹಾಕಿಸಿಕೊಂಡಂತೆ ಹೇಳಿ ಬರುವುದೇ ಇಲ್ಲ. ಬಂದವನೋ, ಫೋನಿನಲ್ಲಿ ಒಪ್ಪಿದ್ದ ಬೆಲೆಯನ್ನು ಅಂಗಳದಲ್ಲಿ ನಿಂತು ಮತ್ತೆ ಇಳಿಸುತ್ತಾನೆ. ಇಂಥವರನ್ನು ಸಂಭಾಳಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಆದರೆ ನಾವು ಅಂಜಬೇಕಾದದ್ದು ಇಂಥವರಿಗಲ್ಲ, ಏನೂ ಕಾಡದೆ ಒಪ್ಪಿಬಿಡುವವನಿಗೆ ಎಂಬುದು ನನ್ನ ವಾದ.

ಕಾಡುವವನ ಕಡೆಯಿಂದ ಒಮ್ಮೆ ನೋಡೋಣ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದಾಗ ಅಂಗಡಿ, ಮನೆಗಳ ಜೊತೆಗೆ ಬೈಕು, ಫ್ರಿಜ್ಜು, ಟಿವಿ, ಮೋಟರುಗಳೂ ಮುಳುಗಿದವು. 2021ರಲ್ಲಿ ಹೊಳೆ ಮತ್ತೆ ಏರಿತು. ಮುಳುಗಿದ ಸಾಮಾನಿನಲ್ಲಿ ಎಷ್ಟನ್ನು ಜನ ಗುಜರಿಗೆ ಹಾಕಿಯಾರು? ತೊಳೆದು, ಒಣಗಿಸಿ, ಬಣ್ಣ ಬಳಿದು ಮಾರಲು ಹೊರಟವರೂ ಇರುತ್ತಾರೆ. ಹೀಗಾಗಿ ಈ ಸೀಮೆಯ ಗಿರಾಕಿ ಬೈಕಿನ ಸೀಟು ಎತ್ತಿ, ಕೆಳಗಿನ ವೈರುಗಳ ಮೇಲೆ ಬೆರಳಾಡಿಸುತ್ತಾನೆ. ಸೈಲೆನ್ಸರ್ ಬುಡದ ತುಕ್ಕು ಕೆರೆಯುತ್ತಾನೆ. ಹೆಡ್‌ಲೈಟಿನ ಗಾಜಿನೊಳಗೆ ಮಣ್ಣಿನ ಗೆರೆ ಕೂತಿದೆಯೇ ಎಂದು ಟಾರ್ಚ್ ಬಿಟ್ಟು ನೋಡುತ್ತಾನೆ. 'ಹೊಳಿ ನೀರು ಹೊಕ್ಕಿತ್ತೇನ್ರಿ?' ಎಂದು ನೇರವಾಗಿ ಕೇಳುತ್ತಾನೆ. ಮಾರುವವನಿಗೆ ಇದು ಅವಮಾನವೆನಿಸುತ್ತದೆ, ತಾನು ಬೆಟ್ಟದ ಮೇಲಿನ ಓಣಿಯವನೆಂದು ಸಿಟ್ಟಾಗುತ್ತಾನೆ. ಕೇಳಿದವನಿಗೆ ಆ ಓಣಿ ಗೊತ್ತಿಲ್ಲ. ಗೊತ್ತಿರುವುದು ಹೊಳೆ ಮಾತ್ರ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಮುಂದಿಟ್ಟುಕೊಂಡು ಒಂದು ಲೇಖನ ಬರೆದರು. ಗಾಡಿಯ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಕೆಟ್ಟದ್ದೂ ಇದ್ದೀತೆಂದು ಕೊಳ್ಳುವವ ಎಲ್ಲದಕ್ಕೂ ಕಡಿಮೆ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವ ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ, ಪೇಟೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ. ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಬಂತು. ದೂರದ ಪ್ರೊಫೆಸರರ ಈ ಮಾತು ನಮ್ಮೂರಿಗೆ ಚೆನ್ನಾಗಿ ಒಪ್ಪುತ್ತದೆ. ಗಿರಾಕಿ ನಿಮ್ಮ ಬೈಕಿನಿಂದ ಐದು ಸಾವಿರ ಕಡಿದು ಕೇಳಿದಾಗ ಅವನು ನಿಮ್ಮನ್ನು ಕಳ್ಳನೆನ್ನುತ್ತಿಲ್ಲ. ನಿಮಗಿಂತ ಮೊದಲು ಸುಳ್ಳು ಹೇಳಿ ಮಾರಿದ ಯಾರದೋ ದಂಡವನ್ನು ನಿಮ್ಮಿಂದ ವಸೂಲು ಮಾಡುತ್ತಿದ್ದಾನೆ. ಅನ್ಯಾಯವೇ ಸರಿ. ಆದರೆ ಆ ದಂಡ ತಗ್ಗಿಸುವ ಉಪಾಯ ನಿಮ್ಮ ಕೈಯಲ್ಲೇ ಇದೆ. 'ಕಂಡೀಷನ್ ಚಲೋ ಐತಿ' ಎಂಬ ಪೊಳ್ಳು ಸಾಲು ಬಿಟ್ಟು, ಹಿಂದಿನ ಟೈರು ಸವೆದಿದೆ, ಎಡಗಡೆ ಒಮ್ಮೆ ಬಿದ್ದಿದೆ, ಇನ್ಶೂರೆನ್ಸ್ ಇಂಥ ತಿಂಗಳಿಗೆ ಮುಗಿಯುತ್ತದೆ ಎಂದು ಫೋಟೋ ಸಮೇತ ಬರೆಯಿರಿ. ಕುಂದು ತಾನೇ ಹೇಳಿದವನ ಹತ್ತಿರ ಚೌಕಾಸಿಗೆ ಸಿಗುವ ಜಾಗ ಕಡಿಮೆ.

ಇನ್ನೊಂದು ಸಂಗತಿಯಿದೆ. ನಮ್ಮ ಕಡೆ ಹಳೆಯದನ್ನು ಮಾರುವುದು ಹೊಸ ವಿದ್ಯೆಯಲ್ಲ. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ದಲಾಲ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದ. ಬೈಯುವುದು, ಎದ್ದು ಹೋಗುವುದು, ಮತ್ತೆ ಬರುವುದು ಎಲ್ಲ ನಡೆಯುತ್ತಿತ್ತು. ಆದರೆ ಬೆರಳು ಒಪ್ಪಿ ಸಂಚಗಾರ, ಅಂದರೆ ಮುಂಗಡ, ಕೈಗೆ ಬಿದ್ದ ಮೇಲೆ ಮಾತು ತಿರುಗಿಸುವಂತಿರಲಿಲ್ಲ. ತಿರುಗಿಸಿದವನ ಹೆಸರು ಮುಂದಿನ ಸಂತೆಯ ಹೊತ್ತಿಗೆ ನಾಲ್ಕೂರಿಗೆ ಮುಟ್ಟಿರುತ್ತಿತ್ತು. ಮೊಬೈಲು ದಲಾಲನನ್ನು ತೆಗೆದುಹಾಕಿತು, ಅವನ ಕಮಿಷನ್ನೂ ಉಳಿಯಿತು. ಜೊತೆಗೆ ಸಾಕ್ಷಿಯೂ ಹೋಯಿತು, ನಾಚಿಕೆಯೂ ಹೋಯಿತು. ನಾಳೆ ಬರುತ್ತೇನೆಂದು ಬಾರದವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ಈ ರೋಗಕ್ಕೆ ಹಳೆಯ ಮದ್ದೇ ಸಾಕು: 'ಐನೂರು ಸಂಚಗಾರ ಹಾಕ್ರಿ, ರವಿವಾರ ಸಂಜಿ ತನಕ ಇಡ್ತೀನಿ, ಇಲ್ಲಂದ್ರ ಮೊದಲ ಬಂದವರಿಗೆ' ಎನ್ನಬೇಕು. ನಿಜವಾಗಿ ಬೇಕಾದವ ಹಾಕುತ್ತಾನೆ. ಹಾಕದವನ ಜೊತೆ ಜಗಳದ ಅಗತ್ಯವೇ ಬೀಳುವುದಿಲ್ಲ.

ಬೆಲೆಗಾಗಿ ಜಗ್ಗಾಡುವುದನ್ನು ಜಿಪುಣತನವೆಂದು ನೋಡುವವರು ಈ ತಾಲೂಕುಗಳ ಲೆಕ್ಕ ತಿಳಿದಿರಬೇಕು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕೂತರು, ಮಾತು 3,300ಕ್ಕೆ ಬಂದು ನಿಂತಿತು. ಕಬ್ಬು ಕಳಿಸಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲಿಗಾಗಿ ಕಾಯುವುದು ಏನೆಂದು ರೈತನನ್ನು ಕೇಳಬೇಕು. ತಾನು ಬೆಳೆದದ್ದಕ್ಕೆ ಬೆಲೆ ಕಟ್ಟುವ ಅಧಿಕಾರವಿಲ್ಲದವನು ಹಳೆಯ ಟ್ರಾಲಿ ಕೊಳ್ಳುವಾಗ ಐನೂರಕ್ಕೂ ಹಟ ಹಿಡಿದರೆ ನನಗೆ ಸಿಟ್ಟು ಬರುವುದಿಲ್ಲ. ಹಾಗೆಂದು 'ಕಬ್ಬಿನ ಬಿಲ್ ಬಂದ ಮ್ಯಾಲೆ ಉಳಿದದ್ದು ಕೊಡ್ತೀನ್ರಿ ಮಾಮಾ' ಎಂದರೆ ಒಪ್ಪಬೇಕೇ? ಬೇಡ. ಮರುಕ ಬೆಲೆಯಲ್ಲಿ ತೋರಿಸಿ, ಸಾಲದಲ್ಲಿ ಬೇಡ. ಇನ್ನೂರು ಇಳಿಸಿ ಪೂರ್ತಿ ಹಣ ತೆಗೆದುಕೊಂಡವ ಮತ್ತು ಕೊಂಡವ ಮುಂದೆ ದಾರಿಯಲ್ಲಿ ಸಿಕ್ಕಾಗ ಮುಖ ಕೊಟ್ಟು ಮಾತಾಡುತ್ತಾರೆ.

ಪ್ರಶ್ನೆಗಳಿಂದ ಕಾಡುವವನ ಪರವಾಗಿ ಕಾನೂನೂ ನಿಂತಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ವಂಚನೆ ಎಂದರೇನು ಎಂದು ಹೇಳುವಾಗ ಒಂದು ಕುದುರೆಯ ಉದಾಹರಣೆ ಕೊಡುತ್ತದೆ. ಕುದುರೆಗೆ ಐಬಿದೆಯೆಂದು ಗೊತ್ತಿದ್ದೂ ಮಾರುವವ ಸುಮ್ಮನಿದ್ದರೆ, ಅಷ್ಟಕ್ಕೇ ಅದು ವಂಚನೆಯಲ್ಲ. ಆದರೆ ಕೊಳ್ಳುವವ 'ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದೇ ತಿಳಿಯುತ್ತೇನೆ' ಎಂದ ಮೇಲೂ ಮಾರುವವ ಬಾಯಿ ಬಿಡದಿದ್ದರೆ, ಆ ಮೌನ ಮಾತಿಗೆ ಸಮ. ಕೇಳುವ ಗಿರಾಕಿ ಮಾಡುವುದು ಇದನ್ನೇ, ನಿಮ್ಮ ಮೌನವನ್ನು ಮಾತಾಗಿ ಮಾಡುತ್ತಾನೆ. ಹತ್ತು ಸಲ ಕೇಳಿದನೆಂದು ಗೊಣಗುವ ಬದಲು ಉತ್ತರವನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿಬಿಡಿ. ತಿಂಗಳಾದ ಮೇಲೆ ಅವನು 'ಹೇಳಲೇ ಇಲ್ಲ, ರೊಕ್ಕ ವಾಪಸ್ ಕೊಡ್ರಿ' ಎಂದು ಬಾಗಿಲಿಗೆ ಬಂದರೆ ಆ ಮೆಸೇಜೇ ನಿಮ್ಮ ಸಾಕ್ಷಿ.

ಈಗ ಕಾಡದವನ ವಿಷಯ. ಅವನ ಫೋನು ಬರುವುದು ಹಿಂದಿಯಲ್ಲಿ ಅಥವಾ ತಿದ್ದಿ ತೀಡಿದ ಕನ್ನಡದಲ್ಲಿ. ತಾನು ಸೈನ್ಯದಲ್ಲಿದ್ದೇನೆ, ಬೆಳಗಾವಿಗೆ ವರ್ಗವಾಗಿದೆ ಎನ್ನುತ್ತಾನೆ. ಸಮವಸ್ತ್ರದ ಫೋಟೋ, ಐಡಿ ಕಾರ್ಡು ಕಳಿಸುತ್ತಾನೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲೇ ಇದೆ, ನಮ್ಮ ಹಳ್ಳಿಗಳಲ್ಲಿ ಸೈನಿಕರಿರುವ ಮನೆಗಳೂ ಬಹಳ. ಹೀಗಾಗಿ ಆ ಮಾತಿಗೆ ಇಲ್ಲಿ ಬೇರೆ ಕಡೆಗಿಂತ ಹೆಚ್ಚು ತೂಕ. ಹೇಳಿದ ಬೆಲೆಗೇ ಒಪ್ಪುತ್ತಾನೆ. ಸಾಮಾನು ನೋಡಬೇಕೆನ್ನುವುದಿಲ್ಲ, 'ಗಾಡಿ ಬಂದು ಒಯ್ಯುತ್ತದೆ' ಎನ್ನುತ್ತಾನೆ. ನಂಬಿಕೆ ಬರಲೆಂದು ಮೊದಲು ಐದೋ ಹತ್ತೋ ರೂಪಾಯಿ ಹಾಕುತ್ತಾನೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುತ್ತದೆ ಎನ್ನುತ್ತಾನೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಪಿನ್ ಬೇಕಾಗುವುದು ಕೊಡುವಾಗ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ 'ಕಲೆಕ್ಟ್ ರಿಕ್ವೆಸ್ಟ್' ಸೌಲಭ್ಯವನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದರೂ ಕ್ಯೂಆರ್ ಆಟಕ್ಕೆ ತಡೆಯಿಲ್ಲ. ಅಕಸ್ಮಾತ್ ಪಿನ್ ಒತ್ತಿದಿರಾದರೆ ಮನೆಯವರಿಗೆ ಹೇಗೆ ಹೇಳಲಿ ಎಂದು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ. ಹಣ ಮುಂದಿನ ಖಾತೆಗೆ ದಾಟುವ ಮುಂಚೆ ತಡೆಯಲು ಸಿಗುವ ಹೊತ್ತು ಬಹಳ ಕಡಿಮೆ.

ಕೊಳ್ಳಲು ಬಂದವನಿಗೆ ತನ್ನ ದುಡ್ಡಿನ ಚಿಂತೆ, ಅದಕ್ಕೇ ಜಗ್ಗಾಡುತ್ತಾನೆ. ಕದಿಯಲು ಬಂದವನಿಗೆ ಆ ಚಿಂತೆ ಯಾಕೆ? ಅವನು ಎಷ್ಟಕ್ಕಾದರೂ ಒಪ್ಪಬಲ್ಲ.

ಕಾಡುವವರೆಲ್ಲ ಸಾಚಾ ಎಂದು ಇದರ ಅರ್ಥವಲ್ಲ. ಹೆಣ್ಣುಮಗಳೊಬ್ಬಳು ಹೊಲಿಗೆ ಯಂತ್ರ ಮಾರಲು ನಂಬರ್ ಹಾಕಿದರೆ ರಾತ್ರಿ ಹನ್ನೊಂದಕ್ಕೆ ಬರುವ ಫೋನುಗಳು ಯಂತ್ರದ ಬಗ್ಗೆ ಇರುವುದಿಲ್ಲ. ಅದನ್ನು ಚೌಕಾಸಿಯೆಂದು ಸಹಿಸಬೇಕಾಗಿಲ್ಲ, ಬ್ಲಾಕ್ ಮಾಡಬೇಕು, ಮಿತಿ ಮೀರಿದರೆ ಠಾಣೆಗೂ ಹೋಗಬೇಕು. ನಂಬರ್ ಕಾಣದಂತೆ ಆ್ಯಪಿನ ಚಾಟಿನಲ್ಲೇ ವ್ಯವಹರಿಸುವುದು ಇನ್ನೂ ಒಳ್ಳೆಯದು. ಒಪ್ಪಿದ ಬೆಲೆಯನ್ನು ಅಂಗಳದಲ್ಲಿ ಇಳಿಸುವವನಿಗೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಫೋಟೋದಲ್ಲಿ ಇಲ್ಲದ್ದು ಏನಾದರೂ ಕಂಡಿತೇ? ಕಂಡಿದ್ದರೆ ಇಳಿಸೋಣ, ಇಲ್ಲದಿದ್ದರೆ ಚಹಾ ಕುಡಿದು ಹೋಗಿ.

ಎಲ್ಲ ಮುಗಿದು ನಗುನಗುತ್ತ ಬೀಳ್ಕೊಟ್ಟ ಮೇಲೆ ಕಾಡುವ ಗಿರಾಕಿಯೂ ಒಬ್ಬನಿದ್ದಾನೆ. 'ಆರ್‌ಸಿ ಆಮ್ಯಾಲೆ ಮಾಡಿಸ್ಕೋತೀನ್ರಿ' ಎಂದು ಕೀಲಿಕೈ ಒಯ್ದವನು. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವ 14 ದಿನದೊಳಗೆ, ಕೊಂಡವ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಹಾರಾಷ್ಟ್ರದ ಗಡಹಿಂಗ್ಲಜ, ಕೊಲ್ಹಾಪುರದ ಕಡೆಯವರಿಗೆ ಕೊಟ್ಟರೆ ಎನ್‌ಒಸಿಯೂ ಬೇಕು. ಇದನ್ನು ಮಾಡಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ 2018ರ ನವೀನ್ ಕುಮಾರ್–ವಿಜಯ್ ಕುಮಾರ್ ತೀರ್ಪು ಇದೆ. ಗಾಡಿ ಕೈಯಿಂದ ಕೈಗೆ ದಾಟಿ ಎಲ್ಲೋ ಅಪಘಾತವಾಗಿತ್ತು. ಪರಿಹಾರದ ಹೊಣೆ ಬಿದ್ದದ್ದು ದಾಖಲೆಯಲ್ಲಿ ಇನ್ನೂ ಮಾಲೀಕನಾಗಿದ್ದ ಮೊದಲಿನವನ ಮೇಲೆ. ಕೆಎ 49 ನಂಬರಿನ ಬೈಕೋ ಟ್ರ್ಯಾಕ್ಟರೋ ಮಾರಿ ವರ್ಷವಾಗಿದ್ದರೆ ಎಂಪರಿವಾಹನ್ ಆ್ಯಪಿನಲ್ಲಿ ಆ ನಂಬರ್ ಹಾಕಿ ಒಮ್ಮೆ ನೋಡಿ. ಇನ್ನೂ ನಿಮ್ಮ ಹೆಸರೇ ಇದ್ದರೆ ಆರ್‌ಟಿಒಗೆ ಫಾರಂ 29 ಕೊಟ್ಟು ಬನ್ನಿ.