ಡೆತ್ ವ್ಯಾಲಿ ದಾರಿಯಲ್ಲಿ ಸಿಕ್ಕ ನೀರಿನ ಲೆಕ್ಕ

"ಜುಲೈನಲ್ಲಿ ಡೆತ್ ವ್ಯಾಲಿಗಾ? ತಲೆ ನೆಟ್ಟಗಿದೆ ತಾನೇ?" ಆಫೀಸಿನಲ್ಲಿ ಹೀಗೆ ಕೇಳದವರೇ ಇಲ್ಲ. ನೆಟ್ಟಗಿರಲಿಲ್ಲ ಅಂತಲೇ ಇಟ್ಟುಕೊಳ್ಳಿ. 2025ರ ಜುಲೈ ನಾಲ್ಕು ಶುಕ್ರವಾರ ಬಿದ್ದಿತ್ತು, ಶನಿವಾರ ಭಾನುವಾರ ಸೇರಿಸಿದರೆ ಮೂರು ದಿನ ರಜೆ. ನಾನೂ ನನ್ನ ಇಂಜಿನಿಯರಿಂಗ್ ಕಾಲೇಜಿನ ಗೆಳೆಯನೂ ಒಂದು ಬಾಡಿಗೆ ಕಾರು, ಹತ್ತು ಗ್ಯಾಲನ್ ನೀರು, ಒಂದು ಡಬ್ಬಿ ಚಿತ್ರಾನ್ನ, ಎರಡು ಪ್ಯಾಕೆಟ್ ಕೋಡುಬಳೆ ಇಟ್ಟುಕೊಂಡು ಬೆಳಗಿನ ಜಾವ ನಾಲ್ಕಕ್ಕೆ ರೆಡ್‌ವುಡ್ ಸಿಟಿ ಬಿಟ್ಟೆವು. ಯೊಸೆಮಿಟಿಯ ಬೆಟ್ಟ ಹತ್ತಿ, ಆ ಕಡೆ ಇಳಿದು, ಹೈವೇ 395 ಹಿಡಿದು ದಕ್ಷಿಣಕ್ಕೆ ಹೋಗಿ, ಮರುಭೂಮಿ ನೋಡಿ ವಾಪಸ್ಸು ಬರುವುದು ಪ್ಲಾನ್.

ಇದು ಪ್ರವಾಸ ಕಥನ ಅಲ್ಲ. "ಅಲ್ಲಿಂದ ಮುಂದೆ ಹೊರಟೆವು, ದೃಶ್ಯ ರಮಣೀಯವಾಗಿತ್ತು" ಅಂತೆಲ್ಲಾ ಬರೆದು ನಿಮ್ಮನ್ನು ಗೋಳು ಹೊಯ್ದುಕೊಳ್ಳುವ ಇರಾದೆ ಇಲ್ಲ. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಪಟ್ಟಣದಲ್ಲಿ ನಲ್ಲಿ ನೀರು ಕುಡಿಯುವ ನಾವೆಲ್ಲಾ ಒಮ್ಮೆಯಾದರೂ ಆ ನೀರು ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಿ ನೋಡಬೇಕು. ನೋಡಿ ಬಂದ ಮೇಲೆ "ನಮ್ಮ ನೀರು" ಅನ್ನುವ ಮಾತನ್ನು ಸ್ವಲ್ಪ ಹುಷಾರಾಗಿ ಆಡಬೇಕು.

ಇದು ನನಗೆ ಯಾಕೆ ತಟ್ಟಿತು ಅಂತ ತಿಳಿಯಲು ಒಂದು ಹಿನ್ನೆಲೆ ಬೇಕು. ನಾನು ಬೆಂಗಳೂರಿನವನು, ಬಸವನಗುಡಿ. ಅವನು ಮಂಡ್ಯ ಜಿಲ್ಲೆಯವನು, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಹಳ್ಳಿ. 2023ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ಎದ್ದು ಬಂದ್ ಆದಾಗ, ಇಲ್ಲಿ ಕೂತಿದ್ದ ನಾನು ಮಂಡ್ಯದವರಿಗೆ ಬಂದ್ ಬಿಟ್ಟರೆ ಬೇರೆ ಕೆಲಸ ಇಲ್ಲ ಅನ್ನುವಂಥ ಜೋಕೊಂದನ್ನು ಕಾಲೇಜು ಗ್ರೂಪಿಗೆ ಹಾಕಿದ್ದೆ. ಅವನು ಬೈಯಲಿಲ್ಲ, ಜಗಳ ಆಡಲಿಲ್ಲ. ಎರಡು ವಾರ ನನ್ನ ಫೋನ್ ಎತ್ತಲಿಲ್ಲ, ಅಷ್ಟೇ. ಆಮೇಲೆ ಸರಿಹೋಯಿತು. ಆದರೆ ಕಾವೇರಿ ಅನ್ನುವ ಪದವನ್ನು ಇಬ್ಬರೂ ಬಾಯಲ್ಲಿ ತರುತ್ತಿರಲಿಲ್ಲ.

ಯೊಸೆಮಿಟಿಗೆ ಹೋಗುವ ಹೈವೇ 120ರಲ್ಲಿ ಮೊಕಾಸಿನ್ ಅಂತ ಒಂದು ಪುಟ್ಟ ಜಾಗ. ಗುಡ್ಡದ ಮೇಲಿಂದ ದಪ್ಪ ದಪ್ಪ ಪೈಪುಗಳು ಇಳಿದು ಒಂದು ವಿದ್ಯುತ್ ಸ್ಥಾವರಕ್ಕೆ ಬರುತ್ತವೆ. ಆ ರಸ್ತೆಯಲ್ಲಿ ನಾನು ಮೂರ್ನಾಲ್ಕು ಸಲ ಹೋಗಿದ್ದರೂ ಒಮ್ಮೆಯೂ ಅದೇನು ಅಂತ ಕೇಳಿರಲಿಲ್ಲ. ಅವನು ಕೇಳಿದ. "ಯಾರ ಮನೇಗ್ ಹೋಯ್ತೈತೆ ಮಗಾ ಈ ನೀರು?" ಫೋನಿನಲ್ಲಿ ಹುಡುಕಿದರೆ... ನಮ್ಮ ಮನೆಗೇ! ಯೊಸೆಮಿಟಿಯೊಳಗೇ ಇರುವ ಹೆಟ್ಚ್ ಹೆಟ್ಚಿ ಕಣಿವೆಗೆ ಅಣೆಕಟ್ಟು ಕಟ್ಟಿ, 167 ಮೈಲಿ ದೂರದಿಂದ ಸ್ಯಾನ್ ಫ್ರಾನ್ಸಿಸ್ಕೋಗೂ ಸುತ್ತಲಿನ ನಮ್ಮಂಥ ಊರುಗಳಿಗೂ ನೀರು ತರುತ್ತಾರೆ. ಅದಕ್ಕೆ ಅನುಮತಿ ಕೊಟ್ಟ ಕಾನೂನಿಗೆ 1913ರ ಡಿಸೆಂಬರಿನಲ್ಲಿ ಸಹಿ ಬಿತ್ತು. ಆ ಕಣಿವೆ ಉಳಿಸಿ ಅಂತ ವರ್ಷಗಟ್ಟಲೆ ಹೋರಾಡಿದ ಜಾನ್ ಮ್ಯೂರ್ ಮರುವರ್ಷ ತೀರಿಕೊಂಡ. 1923ಕ್ಕೆ ಅಣೆಕಟ್ಟು ಮುಗಿಯಿತು, ಕಣಿವೆ ಮುಳುಗಿತು. ಎರಡು ವರ್ಷದಿಂದ "ಇಲ್ಲಿ ನಲ್ಲಿ ನೀರನ್ನೇ ಕುಡಿಯಬಹುದಮ್ಮಾ, ಎಷ್ಟು ಸಿಹಿ ಗೊತ್ತಾ" ಅಂತ ಅಮ್ಮನ ಹತ್ತಿರ ಕೊಚ್ಚಿಕೊಂಡವನು ನಾನು. ಎಲ್ಲಿಂದ ಬರುತ್ತೆ ಅಂತ ಕೇಳಿಕೊಂಡಿರಲಿಲ್ಲ.

ಟಯೋಗಾ ಪಾಸ್ ಸುಮಾರು 9,940 ಅಡಿ ಎತ್ತರ. ಅಲ್ಲಿಂದ ಪೂರ್ವಕ್ಕೆ ಇಳಿಯುತ್ತಿದ್ದಂತೆ ಯಾರೋ ಚಾನೆಲ್ ಬದಲಾಯಿಸಿದಂತೆ ಕಾಡು ಮಾಯವಾಗಿ ಬಂಜರು ಶುರುವಾಗುತ್ತದೆ. ನಮಗೆ ಇದು ಹೊಸದೇನಲ್ಲ. ಆಗುಂಬೆಯಲ್ಲಿ ಸುರಿಯುವ ಮೋಡ ಚಳ್ಳಕೆರೆಗೆ ಬರುವಷ್ಟರಲ್ಲಿ ಜೇಬು ಖಾಲಿ ಮಾಡಿಕೊಂಡಿರುವುದಿಲ್ಲವೇ, ಹಾಗೇ ಇದು. ಸಿಯೆರಾ ನೆವಾಡಾ ಬೆಟ್ಟಸಾಲು ಪೆಸಿಫಿಕ್ಕಿನಿಂದ ಬರುವ ತೇವವನ್ನೆಲ್ಲಾ ತಾನೇ ಹಿಂಡಿಕೊಂಡು ಆ ಕಡೆಗೆ ಒಣಗಾಳಿ ಕಳಿಸುತ್ತದೆ. ಆ ಕಡೆಯವರಿಗೆ ದಕ್ಕುವುದು ಬೆಟ್ಟದ ಹಿಮ ಕರಗಿ ಬರುವ ತೊರೆಗಳು ಮಾತ್ರ. ಅದನ್ನೂ ಪಟ್ಟಣ ಬಿಡಲಿಲ್ಲ.

ಬೆಟ್ಟದ ಬುಡದಲ್ಲೇ ಮೋನೋ ಲೇಕ್. ಸಮುದ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಉಪ್ಪು, ದಡದಲ್ಲಿ ಹುತ್ತದ ಹಾಗೆ ಎದ್ದು ನಿಂತ ಸುಣ್ಣದ ಕಂಬಗಳು. ಎಲ್ಲರೂ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಆಮೇಲೆ ಫಲಕ ಓದಿದೆವು. ಈ ಕಂಬಗಳು ಬೆಳೆಯುವುದು ನೀರಿನ ಒಳಗೆ. ಅವು ನಮಗೆ ಕಾಣಿಸುತ್ತಿರುವುದೇ ಕೆರೆ ಇಳಿದಿದ್ದರಿಂದ! 1941ರಿಂದ ಲಾಸ್ ಏಂಜಲೀಸ್ ನಗರ ಈ ಕೆರೆಗೆ ಬರುವ ತೊರೆಗಳನ್ನು ತಿರುಗಿಸಿಕೊಂಡಿತು. ನಲವತ್ತು ವರ್ಷದಲ್ಲಿ ಕೆರೆ ಸುಮಾರು 45 ಅಡಿ ಇಳಿಯಿತು, ಉಪ್ಪು ದುಪ್ಪಟ್ಟಾಯಿತು. ಹಕ್ಕಿಗಳು ಮೊಟ್ಟೆ ಇಡುತ್ತಿದ್ದ ದ್ವೀಪಕ್ಕೆ ನೆಲದ ದಾರಿ ತೆರೆದು ತೋಳದಂಥ ಕಯೋಟಿಗಳು ನುಗ್ಗಿದವು.

1978ರಲ್ಲಿ ಕೆಲವು ಹುಡುಗರು ಸೇರಿ ಕೆರೆ ಉಳಿಸಲು ಸಮಿತಿ ಕಟ್ಟಿದರು. 1983ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಇಂಥ ನೀರನ್ನು ಸರ್ಕಾರ ಜನರ ಪರವಾಗಿ ಕಾಪಾಡಬೇಕು, ಹಂಚಿಕೆ ಒಮ್ಮೆ ಆಗಿಹೋಯಿತು ಅಂತ ಕೈತೊಳೆದುಕೊಳ್ಳುವಂತಿಲ್ಲ ಎಂದಿತು. ಸ್ವಾರಸ್ಯ ಏನು ಗೊತ್ತೇ? ನಮ್ಮ ದೇಶದ ಸುಪ್ರೀಂ ಕೋರ್ಟು 1996ರಲ್ಲಿ ಹಿಮಾಚಲದ ಬಿಯಾಸ್ ನದಿ ಒತ್ತುವರಿಯ ತೀರ್ಪು ಬರೆದಾಗ ಇದೇ ಮೋನೋ ಲೇಕ್ ಕೇಸನ್ನು ಉಲ್ಲೇಖಿಸಿದೆ. ಇಲ್ಲಿ 1994ರಲ್ಲಿ ಕೆರೆಯ ಮಟ್ಟ 6,392 ಅಡಿಗೆ ಏರಬೇಕು ಅಂತ ಆದೇಶವೂ ಆಯಿತು. ಮೂವತ್ತು ವರ್ಷ ದಾಟಿದರೂ ಕೆರೆ ಆ ಗೆರೆ ಮುಟ್ಟಿಲ್ಲ. ಇಳಿಸುವುದು ಸುಲಭ, ಏರಿಸುವುದು ಕಷ್ಟ.

ಮಾರನೇ ದಿನ ಓವೆನ್ಸ್ ಕಣಿವೆ. ಬಲಕ್ಕೆ 14,505 ಅಡಿಯ ಮೌಂಟ್ ವಿಟ್ನಿ, ಅಲಾಸ್ಕಾ ಬಿಟ್ಟರೆ ಅಮೆರಿಕದ ಅತಿ ಎತ್ತರದ ಶಿಖರ. ಕೆಳಗೆ ಒಣ ಬಯಲು. ಇಲ್ಲಿನ ಮೂಲನಿವಾಸಿ ಪಾಯೂಟ್ ಜನ ಈ ಕಣಿವೆಯನ್ನು ಕರೆಯುವ ಹೆಸರು "ಪಯಾಹೂನಾಡು". ಹೌದು ಸ್ವಾಮಿ, ಕೊನೆಯಲ್ಲಿ "ನಾಡು"! ನಮ್ಮ ನಾಡಿಗೂ ಅದಕ್ಕೂ ಸಂಬಂಧ ಇಲ್ಲ, ಸುಮ್ಮನೆ ಕಾಕತಾಳೀಯ. ಅರ್ಥ ಮಾತ್ರ "ನೀರು ಹರಿಯುವ ಜಾಗ" ಅಂತ. ಅವರು ಕಾಲುವೆ ತೋಡಿ ನೀರು ಹಾಯಿಸುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯರು ಬಂದು ಅವರನ್ನು ಒಕ್ಕಲೆಬ್ಬಿಸಿ ತಾವು ರೈತರಾದರು. ಆಮೇಲೆ ಲಾಸ್ ಏಂಜಲೀಸ್ ಬಂದು ಆ ರೈತರ ಜಮೀನನ್ನೂ ನೀರನ್ನೂ ಕೊಂಡುಕೊಂಡಿತು.

1913ರ ನವೆಂಬರ್ 5ರಂದು 233 ಮೈಲಿ ಉದ್ದದ ಕಾಲುವೆ ತೆರೆಯಿತು. ಒಂದೇ ಒಂದು ಪಂಪ್ ಇಲ್ಲ, ಪೂರಾ ಇಳಿಜಾರಿನ ಮೇಲೇ ನೀರು ಓಡುತ್ತದೆ. ಇಂಜಿನಿಯರ್ ಆಗಿ ಕೈಮುಗಿಯಬೇಕು ಅನ್ನಿಸಿದ್ದು ಸುಳ್ಳಲ್ಲ. ಅದನ್ನು ಕಟ್ಟಿದ ವಿಲಿಯಂ ಮುಲ್‌ಹಾಲಂಡ್ ಅವತ್ತು ಮಾಡಿದ ಭಾಷಣ ಇಷ್ಟೇ: "ಅದೋ ಅಲ್ಲಿದೆ, ತಗೊಳ್ಳಿ." ತಗೊಂಡರು. 1924ರ ನವೆಂಬರಿನಲ್ಲಿ ಕಣಿವೆಯ ಜನ ರೊಚ್ಚಿಗೆದ್ದು ಲೋನ್ ಪೈನ್ ಹತ್ತಿರದ ಅಲಬಾಮಾ ಗೇಟ್ಸ್ ಎಂಬ ತೂಬನ್ನು ವಶಕ್ಕೆ ತೆಗೆದುಕೊಂಡು ನಾಲ್ಕು ದಿನ ನೀರನ್ನು ಮತ್ತೆ ನದಿಗೇ ಬಿಟ್ಟರು. ಹೆಂಗಸರು ಮಕ್ಕಳೆಲ್ಲಾ ಬಂದು ಅಲ್ಲೇ ಅಡುಗೆ ಮಾಡಿ ಊಟ ಮಾಡಿದರು. ನಾನು ಇದನ್ನು ಓದಿ ಹೇಳಿದಾಗ ಅವನು ನಕ್ಕು, "ನಮ್ಮೂರು ಇಲ್ಲೂ ಐತಲ್ಲ ಮಗಾ" ಅಂದ. ಎರಡು ವರ್ಷದಲ್ಲಿ ಮೊದಲ ಸಲ ಆ ವಿಷಯ ನಮ್ಮಿಬ್ಬರ ಮಧ್ಯೆ ಬಂತು.

ಲೋನ್ ಪೈನ್ ದಾಟಿದ ಮೇಲೆ ಓವೆನ್ಸ್ ಕೆರೆ. ಕೆರೆ ಅನ್ನುವುದು ನಕಾಶೆಯಲ್ಲಿ ಮಾತ್ರ. 1870ರ ದಶಕದಲ್ಲಿ ಇದರ ಮೇಲೆ ಬೆಳ್ಳಿ ಗಟ್ಟಿಗಳನ್ನು ಹೊತ್ತ ಉಗಿ ದೋಣಿ ಓಡಾಡುತ್ತಿತ್ತು. 1926ರ ಹೊತ್ತಿಗೆ ಒಣಗಿಹೋಯಿತು. ಆಮೇಲೆ ದಶಕಗಟ್ಟಲೆ ಅದರ ತಳದ ಉಪ್ಪುಧೂಳು ಎದ್ದು ಸುತ್ತಲಿನವರ ಶ್ವಾಸಕೋಶ ತುಂಬಿತು. ಈಗ ಆ ಧೂಳನ್ನು ಹಿಡಿದಿಡಲು ಲಾಸ್ ಏಂಜಲೀಸ್ ತಾನೇ ಕೆರೆಯ ತಳಕ್ಕೆ ನೀರು ಹಾಯಿಸುತ್ತಿದೆ, ಜಲ್ಲಿ ಹಾಸುತ್ತಿದೆ. ಇದುವರೆಗಿನ ಖರ್ಚು ಎರಡು ಬಿಲಿಯನ್ ಡಾಲರಿಗೂ ಹೆಚ್ಚು. ಪುಕ್ಕಟೆ ಅಂದುಕೊಂಡಿದ್ದ ನೀರಿನ ಬಿಲ್ಲು ತೊಂಬತ್ತು ವರ್ಷ ತಡವಾಗಿ ಬಂದಿದೆ.

ಅಲ್ಲಿ ಕಾರು ನಿಲ್ಲಿಸಿದೆವು. ಅವನು ಇಳಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಗದ್ದೆ ಬದುವಿನ ಮೇಲೆ ನಿಂತಂತೆ ಸುಮಾರು ಹೊತ್ತು ನಿಂತಿದ್ದ. ಆಮೇಲೆ ಹೇಳಿದ್ದು ಇಷ್ಟು. 2024ರ ಬೇಸಿಗೆಯಲ್ಲಿ ನಾಲೆಗೆ ನೀರು ಬರಲಿಲ್ಲ. ಕಟ್ಟು ಪದ್ಧತಿಯಲ್ಲಾದರೂ ಬಿಡುತ್ತಾರೇನೋ ಅಂತ ಅವರಪ್ಪ ಕಾದರು. ಬೇಸಿಗೆ ಬೆಳೆ ಇಡಲೇ ಇಲ್ಲ. "ಅಪ್ಪ ಬೇಜಾರ್ ಮಾಡ್ಕೊಳ್ಳಿಲ್ಲ. ಬೆಂಗ್ಳೂರ್ನಲ್ಲೂ ಜನ ಕುಡಿಯಕ್ ನೀರಿಲ್ಲ ಅಂತಾವ್ರೆ, ಪಾಪ ಅಂದ್ರು." ಅದೇ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರಿಗೆ ದುಡ್ಡು ಸುರಿದು ಅಪ್ಪ ಅಮ್ಮ ಸುಸ್ತಾಗಿದ್ದರು. ನಾನು ಅವರ ಚಿಂತೆ ಮಾಡಿದ್ದೆ. ಇವನ ಮನೆಯ ಬಗ್ಗೆ ಕೇಳಿಯೂ ಇರಲಿಲ್ಲ.

"ಆ ಜೋಕಿಗೆ ಸಾರಿ ಕಣೋ" ಅಂದೆ. "ಬಿಡ್ಲಾ" ಅಂದ. ಸ್ವಲ್ಪ ಹೊತ್ತು ಬಿಟ್ಟು ಅವನೇ, "ನಾವೇನ್ ಸಾಚಾ ಅಲ್ಲ ಮಗಾ. ನಮ್ ಗದ್ದೆ ಹಸಿರಾಗಕ್ಕೆ ಕನ್ನಂಬಾಡಿ ಮುಳುಗ್ತಲ್ಲ" ಅಂದ. ನನಗೆ ಇದು ಹೊಳೆದೇ ಇರಲಿಲ್ಲ. 1911ರಲ್ಲಿ ಕಟ್ಟಲು ಶುರುಮಾಡಿದ ಕೆಆರ್‌ಎಸ್‌ನ ನೀರಿನಡಿಯಲ್ಲಿ ಹಳೆಯ ಕನ್ನಂಬಾಡಿ ಊರೇ ಇದೆ. ಮಂಡ್ಯದ ಭತ್ತ ಕಬ್ಬಿನ ಹಿಂದೆಯೂ ಯಾರದೋ ಮನೆಯಂಗಳ ಹೋಗಿದೆ.

ಡೆತ್ ವ್ಯಾಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏರಿನಲ್ಲಿ ಇಂಜಿನ್ ಕಾಯದಂತೆ ಏಸಿ ಆರಿಸಿ ಅಂತ ಬೋರ್ಡು ಇತ್ತು, ಆರಿಸಿ ಬೆವರಿನಲ್ಲಿ ಮಿಂದೆವು. ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿನ ಬ್ಯಾಡ್‌ವಾಟರ್‌ನಲ್ಲಿ ಹತ್ತು ನಿಮಿಷ ನಿಲ್ಲಲಾಗಲಿಲ್ಲ. ಫರ್ನೇಸ್ ಕ್ರೀಕಿನಲ್ಲಿ 1913ರ ಜುಲೈ 10ರಂದು ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 56.7 ಸೆಲ್ಸಿಯಸ್, ತಕರಾರುಗಳಿದ್ದರೂ ವಿಶ್ವದಾಖಲೆಯ ಪಟ್ಟಿಯಲ್ಲೇ ಇದೆ. ಆ ಒಲೆಯ ಮಧ್ಯೆಯೂ ಒಂದು ಹಸಿರು ಗಾಲ್ಫ್ ಮೈದಾನ ಇದೆ! ಚಿಲುಮೆ ಇದೆ, ಹಾಗಾಗಿ ಹುಲ್ಲು ಬೆಳೆಸಿದ್ದಾರೆ. ನೀರನ್ನು ಬೇಕಾದವರಿಗಿಂತ ಬೇಕೆನಿಸಿದವರು ಮೊದಲು ತಗೊಳ್ಳುತ್ತಾರೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು.

ಈಗ ನನ್ನ ವಾದಕ್ಕೆ ಬರುತ್ತೇನೆ. "ಹಾಗಾದರೆ ಪಟ್ಟಣದವರು ನೀರು ಕುಡಿಯಬಾರದೇ?" ಅಂತ ನೀವು ಕೇಳಬಹುದು. ಕುಡಿಯಬೇಕು. 2018ರಲ್ಲಿ ನಮ್ಮ ಸುಪ್ರೀಂ ಕೋರ್ಟು ಕಾವೇರಿ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆ ಅಂತಲೇ 4.75 ಟಿಎಂಸಿ ಹೆಚ್ಚು ಕೊಟ್ಟಿತು. ಅದು ನ್ಯಾಯವೇ. ನನ್ನ ತಕರಾರು ಕುಡಿಯುವುದರ ಬಗ್ಗೆ ಅಲ್ಲ, ಮರೆಯುವುದರ ಬಗ್ಗೆ.

ನಾವು ಸಾಫ್ಟ್‌ವೇರಿನವರು ಒಂದು ಚಿಕ್ಕ ಪ್ರೋಗ್ರಾಮ್ ಬರೆದರೂ ಅದು ಯಾವ ಯಾವ ಲೈಬ್ರರಿಯನ್ನು ನೆಚ್ಚಿಕೊಂಡಿದೆ ಅಂತ ಪಟ್ಟಿ ಮಾಡಿ ಇಡುತ್ತೇವೆ. ನಮ್ಮ ಬದುಕು ಯಾರನ್ನು ನೆಚ್ಚಿಕೊಂಡಿದೆ ಅನ್ನುವ ಪಟ್ಟಿ ಮಾತ್ರ ಇಲ್ಲ. ಬೆಂಗಳೂರಿಗೆ ಕಾವೇರಿ ಬರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಹಂತದಲ್ಲಿ ಪಂಪ್ ಮಾಡಿ ಏರಿಸಬೇಕು. ಲಾಸ್ ಏಂಜಲೀಸಿಗಾದರೂ ಇಳಿಜಾರು ಇತ್ತು, ನಮಗೆ ಅದೂ ಇಲ್ಲ. ಸಂಗಮಕ್ಕೆ ಹೋಗುವಾಗ ಕನಕಪುರ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ, ಆ ನೀರಿನ ದಾರಿ ಅದೇ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಅರ್ಕಾವತಿಯ ಮೇಲಿದ್ದ ನಮ್ಮದೇ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಕೆರೆಗಳನ್ನು ಕೈಬಿಟ್ಟವರೂ ನಾವೇ, ದೂರದ ನದಿಯ ಮೇಲೆ ಹಕ್ಕು ಸಾಧಿಸಿದವರೂ ನಾವೇ.

ಮರೆಯದಿದ್ದರೆ ಏನಾಗುತ್ತದೆ? ಅದಕ್ಕೂ ಲಾಸ್ ಏಂಜಲೀಸೇ ಉದಾಹರಣೆ. ಮೋನೋ ಲೇಕ್ ಕೇಸು, ಬರಗಾಲ ಎಲ್ಲದರ ಪೆಟ್ಟು ತಿಂದ ಮೇಲೆ ಆ ನಗರ ಮಿತವ್ಯಯ ಕಲಿಯಿತು. 1970ರ ದಶಕಕ್ಕಿಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರೂ ಒಟ್ಟು ನೀರಿನ ಬಳಕೆ ಹೆಚ್ಚಲಿಲ್ಲ. ಬುದ್ಧಿ ಬರಲು ಒಂದು ಕೆರೆ ಪೂರ್ತಿ ಸಾಯಬೇಕಾಯಿತು, ಇನ್ನೊಂದು ಅರೆಜೀವವಾಗಬೇಕಾಯಿತು. ನಮಗೂ ಅಷ್ಟೇ ಆಗಬೇಕೇ?

ವಾಪಸ್ಸು ಬಂದ ಮೇಲೆ ಮುಂದಿನ ಭಾನುವಾರ ಮನೆಯಿಂದ ಹತ್ತು ನಿಮಿಷದ ದಾರಿಯ ಪಲ್ಗಾಸ್ ವಾಟರ್ ಟೆಂಪಲ್‌ಗೆ ಹೋದೆವು. 1934ರಲ್ಲಿ ಹೆಟ್ಚ್ ಹೆಟ್ಚಿಯ ನೀರು ಮೊದಲು ಇಲ್ಲಿಗೆ ಬಂದು ತಲುಪಿದ್ದರ ನೆನಪಿಗೆ ಗ್ರೀಕ್ ಗುಡಿಯ ಹಾಗೆ ದುಂಡಗೆ ಕಂಬ ನಿಲ್ಲಿಸಿದ್ದಾರೆ. ಜನ ಮದುವೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವೂ ಕೆಆರ್‌ಎಸ್ ತುಂಬಿದಾಗ ಬಾಗಿನ ಕೊಡುತ್ತೇವಲ್ಲ. ನದಿಗೆ ಬಾಗಿನ ಕೊಡುವುದು ಒಳ್ಳೆಯದೇ. ಬೆಳೆ ಇಡದೆ ಸುಮ್ಮನಾದ ಅವರಪ್ಪನಂಥವರಿಗೆ ನಾವು ಏನು ಕೊಡುತ್ತೇವೆ? ನೀರಿನ ಬಿಲ್ಲು ಎರಡು ರೂಪಾಯಿ ಹೆಚ್ಚಾದರೆ ಕೂಗಾಡುತ್ತೇವೆ, ಅವರು ರಸ್ತೆಗಿಳಿದರೆ ಟ್ರಾಫಿಕ್ ಜಾಮ್ ಅಂತ ಬೈಯುತ್ತೇವೆ, ಜೋಕ್ ಮಾಡುತ್ತೇವೆ.

ಡಿಸೆಂಬರಿನಲ್ಲಿ ಊರಿಗೆ ಹೋಗುವವನಿದ್ದೇನೆ. ಈ ಸಲ ಅವನೂ ಜೊತೆಗಿರುತ್ತಾನೆ. ಕನಕಪುರ ರಸ್ತೆಯಲ್ಲಿ ಪೈಪಿನ ದಾರಿ ಹಿಡಿದು ತೊರೆಕಾಡನಹಳ್ಳಿಗೆ, ಅಲ್ಲಿಂದ ಅವನ ಹಳ್ಳಿಗೆ ಅಂತ ಮಾತಾಗಿದೆ. ಅವರಮ್ಮ ಮುದ್ದೆ, ಉಪ್ಸಾರು ಮಾಡುತ್ತಾರಂತೆ.

ನಿಮ್ಮ ಮನೆ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ ಮುಂದಿನ ಲಾಂಗ್ ವೀಕೆಂಡಿಗೆ ಎಲ್ಲಿಗೆ ಹೋಗುವುದು ಅನ್ನುವ ಚಿಂತೆ ತಪ್ಪಿತು ನೋಡಿ :-)