ಪರಿಮಳವನ್ನು ಬಚ್ಚಿಡೋದು ಹೇಗೆ?

ಮಾತ್ರೆಯನ್ನು ಪರೀಕ್ಷೆ ಮಾಡೋ ವಿಧಾನ ನಿಮಗೆ ಗೊತ್ತೇ ಇರುತ್ತೆ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧ ಜನಕ್ಕೆ ಅದೇ ಬಣ್ಣದ, ಅದೇ ಗಾತ್ರದ, ಒಳಗೆ ಔಷಧವೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಸಿಕ್ಕಿತು ಅಂತ ನುಂಗಿದವರಿಗೂ ಗೊತ್ತಿಲ್ಲ, ಕೊಟ್ಟ ನರ್ಸ್‌ಗೂ ಗೊತ್ತಿಲ್ಲ. ಕೊನೆಗೆ ಎರಡೂ ಗುಂಪಿನ ಲೆಕ್ಕ ತೆಗೆದು ನೋಡೋದು. ಆದರೆ ಲ್ಯಾವೆಂಡರ್ ಎಣ್ಣೆಯನ್ನು ಹೀಗೆ ಪರೀಕ್ಷಿಸೋದು ಹೇಗೆ? ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಗುಟ್ಟು ರಟ್ಟು!

ಒಂದು ತಿಂಗಳಿಂದ ಈ ಪ್ರಶ್ನೆ ನನ್ನ ತಲೆ ತಿನ್ನುತ್ತಿದೆ. ಕಾರಣ ನಮ್ಮ ಅತ್ತಿಗೆ. ಅವರಿಗೀಗ ಎಂಟು ತಿಂಗಳು ತುಂಬಿದೆ, ಚೊಚ್ಚಲ ಹೆರಿಗೆ. ದಾವಣಗೆರೆಯ ತವರಿಗೆ ಹೋಗೋ ಬದಲು ಬೆಂಗಳೂರಲ್ಲೇ ಇರೋದು ಅಂತ ತೀರ್ಮಾನವಾಗಿದೆ. ಅವರು ತೋರಿಸಿಕೊಳ್ಳುವ ಖಾಸಗಿ ಆಸ್ಪತ್ರೆಯಲ್ಲಿ (ಹೆಸರು ಬೇಡ) ಗರ್ಭಿಣಿಯರಿಗೆ ಶನಿವಾರ ತರಗತಿ ನಡೆಸ್ತಾರೆ. ಅಲ್ಲೊಂದು ಕರಪತ್ರ ಕೊಟ್ಟರಂತೆ. ‘ಅರೋಮಾ ಹೆರಿಗೆ ಕಿಟ್’, ಮೂರು ಪುಟ್ಟ ಬಾಟಲಿ, ಒಂದು ಡಿಫ್ಯೂಸರ್, 1,800 ರೂಪಾಯಿ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಂಶೋಧನೆಯಿಂದ ಸಾಬೀತಾಗಿದೆ’ ಅಂತ. ಆ್ಯಪ್‌ನಲ್ಲಿ ಅರ್ಧ ಜನಕ್ಕೆ ಹಳೇ ಪುಟ, ಅರ್ಧ ಜನಕ್ಕೆ ಹೊಸ ಪುಟ ತೋರಿಸಿ ಯಾವುದು ವಾಸಿ ಅಂತ ಅಳೆಯೋದು ನನ್ನ ಉದ್ಯೋಗ. “ನೀನು ದಿನಾ ಮಾಡೋದು ಇದೇ ಕೆಲಸ ತಾನೇ, ಇದು ನಿಜಾನಾ ಸುಳ್ಳಾ ನೋಡಿ ಹೇಳು” ಅಂತ ಅತ್ತಿಗೆ ಕರಪತ್ರವನ್ನು ನನ್ನ ಕೈಗೆ ಕೊಟ್ಟರು.

ಹುಡುಕುತ್ತಾ ಹೋದಾಗ ಮೊದಲು ಗಮನಕ್ಕೆ ಬಂದಿದ್ದು, ಈ ಸಂಶೋಧನೆಗಳಲ್ಲಿ ಹೆಚ್ಚಿನವನ್ನು ಮಾಡಿದವರು ದೊಡ್ಡ ಡಾಕ್ಟರುಗಳಲ್ಲ, ನರ್ಸ್‌ಗಳು ಮತ್ತು ಮಿಡ್‌ವೈಫ್‌ಗಳು. ಅರೋಮಾಥೆರಪಿ ಅನ್ನೋ ಹೆಸರನ್ನು ಬಳಕೆಗೆ ತಂದಿದ್ದು ಗಾಟ್‌ಫೊಸ್ಸೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ, 1937ರ ತನ್ನ ಪುಸ್ತಕದಲ್ಲಿ. ಆದರೆ ಅದನ್ನು ಹೆರಿಗೆ ವಾರ್ಡಿಗೆ ತಂದು, ಲೆಕ್ಕ ಬರೆದಿಟ್ಟವರು ರಾತ್ರಿ ಪಾಳಿ ಮಾಡುವ ಹೆಂಗಸರು. ಅದು ನನಗೆ ತುಂಬಾ ಖುಷಿ ಕೊಟ್ಟ ವಿಷಯ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನದು. ಜಾನ್ ರ್‍ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಎಥೆಲ್ ಬರ್ನ್ಸ್ ಎಂಬ ಮಿಡ್‌ವೈಫ್ ಮತ್ತು ಅವರ ಸಂಗಡಿಗರು 1990ರಿಂದ 1998ರವರೆಗೆ 8,058 ಗರ್ಭಿಣಿಯರಿಗೆ ಹೆರಿಗೆ ಹೊತ್ತಿನಲ್ಲಿ ಸುಗಂಧ ತೈಲ ಬಳಸಿ ದಾಖಲೆ ಇಟ್ಟರು. ಒಟ್ಟು ಹತ್ತು ಬಗೆಯ ಎಣ್ಣೆ. ಕೆಲವನ್ನು ಮೂಸಲು, ಕೆಲವನ್ನು ಮೈಗೆ ಹಚ್ಚಲು. ಅರ್ಧಕ್ಕಿಂತ ಹೆಚ್ಚು ತಾಯಂದಿರು ಉಪಯೋಗವಾಯ್ತು ಅಂದರು, ಶೇ. 14ರಷ್ಟು ಜನ ಆಗಲಿಲ್ಲ ಅಂದರು. ತೊಂದರೆ ಕಾಣಿಸಿಕೊಂಡಿದ್ದು ಶೇ. 1ರಷ್ಟು ಜನರಲ್ಲಿ, ಅದೂ ಸಣ್ಣಪುಟ್ಟದ್ದು. ಕರಪತ್ರ ಬರೆದವರಿಗೆ ಇಷ್ಟು ಸಾಕು. ಆದರೆ ಅಲ್ಲಿ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ, ಎಣ್ಣೆ ಬೇಕು ಅಂದವರಿಗೆ ಕೊಟ್ಟಿದ್ದರು. ಬೇಕು ಅನ್ನೋರೂ ಬೇಡ ಅನ್ನೋರೂ ಮೊದಲಿಂದಲೇ ಬೇರೆ ಬೇರೆ ಥರದವರಾಗಿರಬಹುದಲ್ಲ.

ಬರ್ನ್ಸ್ ಅವರಿಗೂ ಅದು ಗೊತ್ತಿತ್ತು. ಹಾಗಾಗಿ ಇಟಲಿಯ ಮೊಂಜಾ ಊರಿನ ಆಸ್ಪತ್ರೆಯಲ್ಲಿ ಚೀಟಿ ಎತ್ತುವ ರೀತಿಯಲ್ಲೇ ಗುಂಪು ಮಾಡಿ 513 ಮಹಿಳೆಯರ ಮೇಲೆ ಅಧ್ಯಯನ ನಡೆಯಿತು. 2007ರಲ್ಲಿ ಪ್ರಕಟವಾಯ್ತು. ಸಿಸೇರಿಯನ್ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಚೊಚ್ಚಲ ಹೆರಿಗೆಯವರಿಗೆ ಎಣ್ಣೆಯ ಗುಂಪಿನಲ್ಲಿ ನೋವು ಸ್ವಲ್ಪ ಕಡಿಮೆ ಅನ್ನಿಸಿತ್ತು. ಎಣ್ಣೆ ಇಲ್ಲದ ಗುಂಪಿನಲ್ಲಿ 6 ಮಕ್ಕಳನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯ್ತು, ಎಣ್ಣೆಯ ಗುಂಪಿನಲ್ಲಿ ಒಂದೂ ಇಲ್ಲ. ಈ ಆರು-ಸೊನ್ನೆ ಲೆಕ್ಕ ಇಟ್ಟುಕೊಂಡು ಯಾರಾದರೂ ಎಣ್ಣೆ ಮಾರಿದರೆ ದಯವಿಟ್ಟು ಓಡಿ ಬನ್ನಿ. ಇಷ್ಟು ಸಣ್ಣ ಅಂಕಿ ನೋಡಿ ನಾನು ಆಫೀಸಲ್ಲಿ ಒಂದು ಬಟನ್ ಬಣ್ಣ ಕೂಡ ಬದಲಾಯಿಸೋಲ್ಲ.

ನ್ಯೂಜಿಲೆಂಡಿನಲ್ಲಿ ಇನ್ನೊಂದು ಪುಟ್ಟ ಅಧ್ಯಯನ ಆಗಿದೆ. ಸ್ನಾನದ ನೀರಿಗೆ ಒಬ್ಬರಿಗೆ ಶುಂಠಿ ಎಣ್ಣೆ, ಇನ್ನೊಬ್ಬರಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ. ಇದ್ದವರು 22 ಜನ. ಪ್ರಪಂಚದ ಸಂಶೋಧನೆಗಳನ್ನೆಲ್ಲ ಸೋಸಿ ನೋಡುವ ಕಾಕ್ರೇನ್ ಸಂಸ್ಥೆ 2011ರಲ್ಲಿ ಹೆರಿಗೆ ನೋವಿಗೆ ಅರೋಮಾಥೆರಪಿ ಅನ್ನೋ ವಿಷಯ ಕೈಗೆತ್ತಿಕೊಂಡಾಗ, ಅವರ ಜರಡಿಯಲ್ಲಿ ಉಳಿದಿದ್ದು ಈ ಎರಡೇ. 513ಕ್ಕೆ 22 ಕೂಡಿಸಿದರೆ 535 ಜನ. ಇಷ್ಟರಿಂದ ಹೌದು ಅಂತಲೂ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು ಅಂತ ಅವರು ಬರೆದರು. ‘ಸಾಬೀತಾಗಿದೆ’ ಅನ್ನೋ ಪದಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ಪರಿಮಳ ಬಚ್ಚಿಡೋ ಪ್ರಶ್ನೆಗೆ ಬರ್ತೀನಿ. ಅದಕ್ಕೆ ನಾನು ಓದಿದ್ದರಲ್ಲೇ ಜಾಣ ಉತ್ತರ 1994ರಲ್ಲಿ ಇಂಗ್ಲೆಂಡಿನ ಡೇಲ್ ಮತ್ತು ಕಾರ್ನ್‌ವೆಲ್ ಎಂಬಿಬ್ಬರು ಪ್ರಕಟಿಸಿದ ಅಧ್ಯಯನದಲ್ಲಿದೆ. ಹೆರಿಗೆಯಾದ ಮೇಲೆ ಕೆಳಭಾಗದ ನೋವು ಹೇಗಿರುತ್ತೆ ಅಂತ ಅನುಭವಿಸಿದವರಿಗೇ ಗೊತ್ತು. ಆ ನೋವಿಗೆ ಲ್ಯಾವೆಂಡರ್ ಹಾಕಿದ ನೀರಲ್ಲಿ ಸ್ನಾನ ಮಾಡಿದರೆ ಆರಾಮ ಸಿಗುತ್ತಾ ಅನ್ನೋದು ಪ್ರಶ್ನೆ. 635 ಬಾಣಂತಿಯರು, ಹತ್ತು ದಿನ, ಮೂರು ಗುಂಪು. ಒಂದಕ್ಕೆ ಗಿಡದಿಂದ ತೆಗೆದ ಲ್ಯಾವೆಂಡರ್ ಎಣ್ಣೆ, ಇನ್ನೊಂದಕ್ಕೆ ಲ್ಯಾಬ್‌ನಲ್ಲಿ ಮಾಡಿದ ಕೃತಕ ಲ್ಯಾವೆಂಡರ್, ಮೂರನೆಯದಕ್ಕೆ ಔಷಧ ಗುಣವಿಲ್ಲದ ಒಂದು ದ್ರವ. ಅಸಲಿ ಎಣ್ಣೆಗೆ ನಕಲಿ ಎಣ್ಣೆಯನ್ನೇ ಎದುರು ನಿಲ್ಲಿಸಿಬಿಟ್ಟರು! ಮೂರರಿಂದ ಐದನೇ ದಿನದಲ್ಲಿ ಲ್ಯಾವೆಂಡರ್ ಬಳಸಿದವರ ನೋವಿನ ಅಂಕ ಕೊಂಚ ಕಡಿಮೆ ಇತ್ತು, ಆದರೆ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ನಿಲ್ಲುವಷ್ಟಲ್ಲ.

ಸಿಸೇರಿಯನ್ ಆದ ಮೇಲೆ ಬರುವ ಹೊಟ್ಟೆ ತೊಳೆಸುವಿಕೆಗೆ ಪುದೀನಾ ಪರಿಮಳ ಕೊಟ್ಟು ನೋಡಿದ ಅಮೆರಿಕದ ನರ್ಸ್‌ಗಳು, ಹೋಲಿಕೆಗೆ ಹಸಿರು ಬಣ್ಣ ಬೆರೆಸಿದ ನೀರು ಇಟ್ಟಿದ್ದರಂತೆ. ಕಣ್ಣಿಗೇನೋ ಮೋಸ ಮಾಡಬಹುದು, ಮೂಗಿಗೆ?

ಕೊರಿಯಾದ ನರ್ಸಿಂಗ್ ಸಂಶೋಧಕರು ಮುಟ್ಟಿನ ನೋವಿನ ಬಗ್ಗೆ 67 ಕಾಲೇಜು ಹುಡುಗಿಯರ ಮೇಲೆ ಮಾಡಿದ ಅಧ್ಯಯನ 2006ರದು. ಐದು ಎಂ.ಎಲ್. ಬಾದಾಮಿ ಎಣ್ಣೆಗೆ ಎರಡು ಹನಿ ಲ್ಯಾವೆಂಡರ್, ಒಂದು ಹನಿ ಕ್ಲಾರಿ ಸೇಜ್, ಒಂದು ಹನಿ ಗುಲಾಬಿ. ಅದರಿಂದ ಕಿಬ್ಬೊಟ್ಟೆಗೆ ನೀವುವುದು. ಎರಡನೇ ಗುಂಪಿಗೆ ಬರೀ ಬಾದಾಮಿ ಎಣ್ಣೆಯಿಂದ ನೀವುವುದು. ಮೂರನೆಯವರಿಗೆ ಏನೂ ಇಲ್ಲ. ಪರಿಮಳದ ಗುಂಪಿನವರಿಗೆ ಮುಟ್ಟಿನ ಮೊದಲೆರಡು ದಿನ ನೋವು ಗಮನಾರ್ಹವಾಗಿ ಇಳಿದಿತ್ತು. ಚಿಕ್ಕ ಅಧ್ಯಯನ, ಆದರೆ ಜೋಡಣೆ ನನಗೆ ಹಿಡಿಸಿತು. ಯಾಕೆ ಗೊತ್ತಾ? ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ: ಒಂದೇ ರಿಲೀಸ್‌ನಲ್ಲಿ ಮೂರು ಬದಲಾವಣೆ ಹಾಕಬೇಡಿ, ಯಾವುದರಿಂದ ಏನಾಯ್ತು ಅಂತ ಆಮೇಲೆ ಗೊತ್ತಾಗೋಲ್ಲ. ಹೆರಿಗೆ ಕೋಣೆಯಲ್ಲಿ ಅರೋಮಾಥೆರಪಿ ಅಂದರೆ ಬರೀ ಎಣ್ಣೆ ಅಲ್ಲ. ಎಣ್ಣೆ ಇದೆ, ಸೊಂಟ ನೀವುವ ಕೈ ಇದೆ, ಆ ಕೈಯ ಒಡತಿ ಅರ್ಧ ಗಂಟೆ ಪಕ್ಕದಲ್ಲೇ ಕೂತು “ಆಯ್ತಮ್ಮ, ಉಸಿರು ಬಿಡು” ಅನ್ನೋದಿದೆ. ಮೂರೂ ಒಟ್ಟಿಗೇ ಬರುತ್ತವೆ. ಕರಪತ್ರದಲ್ಲಿ ಬಾಟಲಿಗೆ ಮಾತ್ರ ಬೆಲೆ ಹಾಕಿದ್ದಾರೆ.

ಪಕ್ಕದಲ್ಲಿ ಇರೋದರ ಲೆಕ್ಕವೂ ಸಿಕ್ಕಿತು. ಹೆರಿಗೆಯುದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ಏನಾಗುತ್ತೆ ಅಂತ ಕಾಕ್ರೇನ್‌ನವರೇ 2017ರಲ್ಲಿ 17 ದೇಶಗಳ 15,000ಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ಜೋಡಿಸಿದ್ದಾರೆ. ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಔಷಧದ ಬಳಕೆ ಕಡಿಮೆ, ಹೆರಿಗೆಯ ಸಮಯವೂ ಸ್ವಲ್ಪ ಮೊಟಕು. ಜೊತೆಗಿರುವ ಮನುಷ್ಯರನ್ನೂ ಬಚ್ಚಿಡೋಕೆ ಆಗೋಲ್ಲ, ಒಪ್ಪಿದೆ. ಆದರೆ ಸಿಸೇರಿಯನ್ ಆಯ್ತಾ ಇಲ್ಲವಾ ಅನ್ನೋದು ಎಣಿಸಬಹುದಾದ ವಿಷಯ, ಬರೀ ಅನಿಸಿಕೆ ಅಲ್ಲ.

ಇದನ್ನು ಅಮ್ಮನಿಗೆ ಹೇಳಿದೆ. ಅಣ್ಣ ಹುಟ್ಟಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ಅಜ್ಜಿಯನ್ನು ಬಾಗಿಲ ಹೊರಗೇ ಕೂರಿಸಿ, ಅಮ್ಮನನ್ನು ರಾತ್ರಿಯಿಡೀ ಒಳಗೆ ಒಬ್ಬಳನ್ನೇ ಮಲಗಿಸಿದ್ದರಂತೆ. ಕೂಗಿದರೆ ಬೈಗುಳ. “ನೋವು ಎಷ್ಟಿತ್ತು ಅಂತ ಮರೆತೋಗಿದೆ ಕಣೇ, ಒಬ್ಬಳೇ ಇದ್ದಿದ್ದು ಮರೆತಿಲ್ಲ” ಅಂದಳು. ಇಷ್ಟು ವರ್ಷದಲ್ಲಿ ಈ ಮಾತನ್ನು ನಾನು ಕೇಳಿದ್ದು ಇದೇ ಮೊದಲು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅವರು ಮಾಡಿಸಿದ 15,000ಕ್ಕೂ ಹೆಚ್ಚು ಹೆರಿಗೆಗಳ ಬಗ್ಗೆ ಎಲ್ಲರೂ ಬರೆದರು. ಅವರು ಒಬ್ಬೊಬ್ಬರ ಪಕ್ಕ ಎಷ್ಟು ಗಂಟೆ ಕೂತಿದ್ದರೋ, ಅದನ್ನು ಯಾರೂ ಎಣಿಸಿರಲಾರರು.

ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ 2016ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ಕೊಟ್ಟಿದೆ: ಹೆರಿಗೆ ಹೊತ್ತಿನಲ್ಲಿ ಜೊತೆಗೊಬ್ಬರು ಇರಬಹುದು, ತಾನೂ ಹೆತ್ತಿರುವ ಸಂಬಂಧಿ ಹೆಂಗಸಾದರೆ ಉತ್ತಮ, ಉಳಿದವರ ಮರ್ಯಾದೆಗೆ ಅಡ್ಡಿಯಾಗದ ವ್ಯವಸ್ಥೆ ಇದ್ದಲ್ಲಿ ಗಂಡನೂ ಇರಬಹುದು ಅಂತ. ನಿಮ್ಮ ಮನೆಯಲ್ಲಿ ಯಾರಾದರೂ ಸರ್ಕಾರಿ ಆಸ್ಪತ್ರೆಗೆ ಹೋಗೋರಿದ್ದರೆ ಇದು ಗೊತ್ತಿರಲಿ, ಮೊದಲೇ ಕೇಳಿಟ್ಟುಕೊಳ್ಳಿ.

ಎಣ್ಣೆ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಹಿತ ಅನ್ನಿಸಿದರೆ, ಡಾಕ್ಟರ್ ಸರಿ ಅಂದರೆ, ಕರವಸ್ತ್ರಕ್ಕೆ ಒಂದು ಹನಿ ಹಾಕಿ ಮೂಸಲಿ. ಆದರೆ ಬಾಟಲಿಯಿಂದ ನೇರವಾಗಿ ಮೈಗೆ ಹಚ್ಚಬಾರದು, ಹೊಟ್ಟೆಗಂತೂ ತಗೋಬಾರದು. ನೀಲಗಿರಿ, ಕರ್ಪೂರದ ಎಣ್ಣೆಗಳಿಂದ ಕೆಲವರಿಗೆ ಫಿಟ್ಸ್ ಬರುವುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ನರರೋಗ ತಜ್ಞರೇ ದಾಖಲಿಸಿದ್ದಾರೆ. ಕೂಸಿನ ಮೂಗಿನ ಹತ್ತಿರ ಕರ್ಪೂರದ ಗಂಟು ಕಟ್ಟೋ ಅಭ್ಯಾಸ ಇರುವವರು ಮಕ್ಕಳ ಡಾಕ್ಟರನ್ನು ಒಂದು ಮಾತು ಕೇಳಿ.

ಮುಂದಿನ ಶನಿವಾರ ನಾನೂ ಅತ್ತಿಗೆ ಜೊತೆ ತರಗತಿಗೆ ಹೋದೆ. ಕಿಟ್ ವಿವರಿಸುತ್ತಿದ್ದ ಸಿಸ್ಟರ್‌ಗೆ ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ: “ನೋವು ಶುರುವಾದ ಮೇಲೆ ನೀವು ಎಷ್ಟು ಹೊತ್ತು ನನ್ನ ಪಕ್ಕ ಇರ್ತೀರಾ ಸಿಸ್ಟರ್?” ಆಕೆ ಒಂದು ಕ್ಷಣ ಸುಮ್ಮನಿದ್ದು, “ರಾತ್ರಿ ನಾವಿಬ್ಬರೇ ಇರ್ತೀವಿ ಮೇಡಂ, ಬೆಡ್ಡು ಆರು” ಅಂದಳು. ಸುಳ್ಳು ಹೇಳಲಿಲ್ಲ ಅನ್ನೋದಕ್ಕೇ ಅವಳ ಮೇಲೆ ಗೌರವ ಬಂತು.

ಹಾಗಾದರೆ ತಾಯಿಯನ್ನು ಒಳಗೆ ಬಿಡ್ತೀರಾ ಅಂತ ಬಿಲ್ಲಿಂಗ್ ಕೌಂಟರಿನಲ್ಲಿ ವಿಚಾರಿಸಿದೆವು. ಅರೋಮಾ ಕಿಟ್ ಯಾವ ಪ್ಯಾಕೇಜಿಗೆ ಬೇಕಾದರೂ ಸೇರಿಸಬಹುದು, ಜೊತೆಗೊಬ್ಬರು ಬರಬೇಕಾದರೆ ಮಾತ್ರ ದೊಡ್ಡ ರೂಮಿನ ಪ್ಯಾಕೇಜೇ ತಗೋಬೇಕು ಅಂದರು. ಅಣ್ಣ ಮನೆ ಹತ್ತಿರದ ಸಣ್ಣ ನರ್ಸಿಂಗ್ ಹೋಮಿನಲ್ಲೂ ಕೇಳಿ ಬಂದ. ಅಲ್ಲಿನ ಡಾಕ್ಟರಮ್ಮ “ಧಾರಾಳವಾಗಿ ಬರಲಿ, ಮೊಬೈಲ್ ಹೊರಗಿಟ್ಟು ಬರಲಿ” ಅಂದರಂತೆ. ಆದರೆ ಅಲ್ಲಿ ಮಕ್ಕಳ ತೀವ್ರ ನಿಗಾ ಘಟಕ ಇಲ್ಲ. ಎರಡು ರಾತ್ರಿ ಮನೆಯಲ್ಲಿ ಇದೇ ಚರ್ಚೆ. ಕೊನೆಗೆ ಅತ್ತಿಗೆಯೇ ನಿರ್ಧಾರ ಮಾಡಿದರು. ಆಸ್ಪತ್ರೆ ಬದಲಾಯಿಸೋದು ಬೇಡ, ದೊಡ್ಡ ರೂಮೇ ಇರಲಿ, ಕಿಟ್ ಬೇಡ. ಅವರಮ್ಮ ಇದೇ ಹದಿನೆಂಟಕ್ಕೆ ದಾವಣಗೆರೆಯಿಂದ ಬರ್ತಿದ್ದಾರೆ.