ಚೀಟಿಯ ಮೇಲೊಂದು ಸಹಿ

ಹಳೆಯದಾದಂತೆ ಸರಕಿನ ಬೆಲೆ ಇಳಿಯುವುದು ವ್ಯಾಪಾರದ ಸಾಮಾನ್ಯ ನಿಯಮ. ಆದರೆ ಟೋಕಿಯೋದ ಮಸಾರು ಕೋನೋ (1926–1998) ಅವರ ಕೈಯಿಂದ ಸಿದ್ಧವಾದ ಕ್ಲಾಸಿಕಲ್ ಗಿಟಾರುಗಳಿಗೆ ದಶಕಗಳು ಕಳೆದರೂ ಬೇಡಿಕೆ ಕುಂದಿಲ್ಲ.

ಗಿಟಾರ್ ಸ್ಪೇನಿನ ವಾದ್ಯ. ಕೋನೋ ಆ ದೇಶಕ್ಕೇ ತೆರಳಿ ಅಲ್ಲಿನ ಕುಶಲಕರ್ಮಿಗಳ ಪದ್ಧತಿಯನ್ನು ಅಭ್ಯಸಿಸಿದರು. 1967ರಲ್ಲಿ ಬೆಲ್ಜಿಯಂನ ಲೀಜ್ ನಗರದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಚಿನ್ನದ ಪದಕ ಗಳಿಸಿದರು. ವಾದ್ಯದ ಮೇಲ್ಹಲಗೆಯ ದಪ್ಪ ಎರಡು-ಮೂರು ಮಿಲಿಮೀಟರ್ ಮಾತ್ರ. ತುಸು ಹೆಚ್ಚು ಹೆರೆದರೂ ನಾದ ಕೆಡುತ್ತದೆ; ಹೆರೆದದ್ದನ್ನು ಮರಳಿ ಸೇರಿಸಲಾಗದು. ಆ ಹೊಣೆ ಹೊತ್ತವರು ಒಳಗಿನ ಚೀಟಿಯಲ್ಲಿ ತಮ್ಮ ಹೆಸರನ್ನೂ ತಯಾರಿಕೆಯ ವರ್ಷವನ್ನೂ ನಮೂದಿಸಿದರು. ಅವರ ತರುವಾಯ ಬಂಧು ಮಸಾಕಿ ಸಕುರಾಯಿ ಕಾರ್ಯಾಗಾರವನ್ನು ಮುನ್ನಡೆಸಿದರು.

ಈ ನಿದರ್ಶನ ಕರ್ನಾಟಕಕ್ಕೆ ದೂರದ್ದಲ್ಲ. ಬ್ರೆಜಿಲ್‌ನ ರೋಸ್‌ವುಡ್ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಬಿದ್ದ ಮೇಲೆ ಗಿಟಾರಿನ ಬೆನ್ನುಹಲಗೆಗೆ ಭಾರತದ ಬೀಟೆಯ ಪ್ರಾಮುಖ್ಯ ಹೆಚ್ಚಿತು. ಮರ ಭಾರತದ್ದು, ಹೆಸರು ಪರರದು. ಮೈಸೂರಿನ ಬೀಟೆಮರದ ಕುಸುರಿಗೆ ಭೌಗೋಳಿಕ ಸೂಚಿಕೆ ದೊರೆತಿದೆ. ಅದು ಊರಿಗೆ ಸಂದ ಮನ್ನಣೆ. ಮಾಡಿದವನ ಹೆಸರನ್ನು, ವರ್ಷವನ್ನು ಸರಕಿನ ಮೇಲೆ ಮೂಡಿಸುವುದು ತಯಾರಕರ ಕೈಯಲ್ಲೇ ಇದೆ. ಸಹಿ ಹಾಕಲು ಖರ್ಚಿಲ್ಲ. ಆದರೆ ಸಹಿ ಹಾಕಿದವನು ಕಳಪೆ ಮಾಲನ್ನು ಹೊರಗೆ ಕಳುಹಿಸಲಾರ. ಸಹಿಯ ಬೆಲೆ ಇರುವುದು ಅಲ್ಲಿಯೇ.